ತೇವಾಂಶಮಾಪಕವೂ ಪರಿಭಾಷೆಯೂ

ಮಲೆನಾಡಿನ ವಸ್ತಾರೆಯ ಸುತ್ತಣ ಕಾಫಿ ತೋಟಗಳಲ್ಲಿ ಕಣದ ಮೇಲೆ ಹರಡಿದ ಚೆರ್ರಿ ಹದಕ್ಕೆ ಬಂದಿತೋ ಇಲ್ಲವೋ ಎಂಬುದನ್ನು ಅರಿಯಲು ಒಂದು ಹಿಡಿಯನ್ನು ಮುಷ್ಟಿಯಲ್ಲಿ ಕುಲುಕಿ, ಬೀಜ ಗಲಗಲವೆನ್ನುವುದಕ್ಕೆ ಕಿವಿಗೊಡುವುದು ಹಳೆಯ ಪದ್ಧತಿ. ಆದರೆ ರೊಬಸ್ಟಾ ಚೆರ್ರಿಗೆ ಸುಮಾರು ಶೇಕಡಾ 11, ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಪಾರ್ಚ್‌ಮೆಂಟಿಗೆ 10 ಎಂಬ ತೇವಾಂಶದ ಮಿತಿಯನ್ನು ಕಿವಿ ನಿರ್ಣಯಿಸಲಾರದಾದುದರಿಂದ, ಈ ಸೀಮೆಯ ಇಂಜಿನಿಯರಿಂಗ್ ವಿದ್ಯಾರ್ಥಿಗಳು ತೇವಾಂಶಮಾಪಕವನ್ನು ಪ್ರಾಜೆಕ್ಟಿಗೆ ಆರಿಸಿಕೊಂಡರೆ ಅದು ಸಹಜವೂ ಶ್ಲಾಘ್ಯವೂ ಹೌದು. ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿಯು ನಾಲ್ಕು ದಶಕಗಳಿಗೂ ಮಿಕ್ಕು ಇಂತಹ ವಿದ್ಯಾರ್ಥಿ ಯೋಜನೆಗಳಿಗೆ ಧನಸಹಾಯವಿತ್ತು, ಪ್ರದರ್ಶನಗಳನ್ನೂ ನಡೆಸುತ್ತ ಬಂದಿದೆ.

ನನ್ನ ಆಕ್ಷೇಪವಿರುವುದು ಸಾರ್ವಜನಿಕ ಸ್ಪರ್ಧೆಗಳಲ್ಲಿ ಆ ಯಂತ್ರಗಳನ್ನು ವಿವರಿಸುವ ರೀತಿಯಲ್ಲಿ. ‘ಕೆಪಾಸಿಟಿವ್ ಸೆನ್ಸರ್ ಆಧಾರಿತ ಐಒಟಿ ವ್ಯವಸ್ಥೆ’ ಎಂದು ಫಲಕ ಸಾರಿದೊಡನೆ ಬೆಳೆಗಾರನು ಗೌರವದಿಂದ ತಲೆಯಾಡಿಸಿ ಮುಂದಕ್ಕೆ ಸರಿಯುತ್ತಾನೆ. ಅದನ್ನೇ, ‘ಎರಡು ಲೋಹದ ತಗಡುಗಳ ನಡುವೆ ಕಾಳು ತುಂಬಿದರೆ, ನೀರಿನ ಅಂಶ ಹೆಚ್ಚಿದಷ್ಟೂ ಅವು ಹಿಡಿದಿಡುವ ವಿದ್ಯುತ್ತು ಹೆಚ್ಚುತ್ತದೆ, ಆ ಹೆಚ್ಚಳದಿಂದ ತೇವವನ್ನು ಊಹಿಸುತ್ತೇವೆ’ ಎಂದು ಹೇಳಿನೋಡಿ. ‘ಸಡಿಲವಾಗಿ ತುಂಬಿದರೂ ಒತ್ತಿ ತುಂಬಿದರೂ ಲೆಕ್ಕ ಒಂದೇ ಬರುತ್ತದೆಯೇ? ಬಿಸಿಲಿನಲ್ಲಿ ಕಾದ ಕಾಳಿಗೆ?’ ಎಂದು ಆತ ತತ್‌ಕ್ಷಣ ಕೇಳಿಯಾನು. ಆ ಮಾಪಕದ ನಿಜವಾದ ದೌರ್ಬಲ್ಯಗಳು ಇವೇ. ಕಾಳಿನ ದಟ್ಟಣೆಯೂ ಉಷ್ಣತೆಯೂ ಅದರ ಅಳತೆಯನ್ನು ಕೆಡಿಸುತ್ತವೆ. ಪಾರಿಭಾಷಿಕ ಶಬ್ದವು ಇಲ್ಲಿ ಮರೆಮಾಚಿದುದು ಜ್ಞಾನವನ್ನಲ್ಲ, ಪರೀಕ್ಷೆಗೆ ಒಳಗಾಗಬೇಕಾದ ದೋಷವನ್ನು.

ಇಷ್ಟರಿಂದ ಪರಿಭಾಷೆಯನ್ನೇ ಬಹಿಷ್ಕರಿಸಬೇಕೆಂದು ನಾನು ಹೇಳುವವನಲ್ಲ. ಪಲ್ಪರ್, ಪಾರ್ಚ್‌ಮೆಂಟ್, ಬೋರರ್ ಎಂದು ದಿನವೆಲ್ಲ ಆಡುವ ಮಲೆನಾಡಿಗನಿಗೆ ಪರದೇಶದ ಶಬ್ದದ ಭಯವೂ ಇಲ್ಲ. ತೀರ್ಪುಗಾರರಾದ ಪ್ರಾಧ್ಯಾಪಕರ ಮುಂದೆ ‘ಕೆಪಾಸಿಟೆನ್ಸ್’ ಎಂದರೆ ಕಾಲವೂ ಉಳಿಯುತ್ತದೆ, ಅರ್ಥವೂ ನಿಖರವಾಗುತ್ತದೆ. ಕನ್ನಡದ ಅಶಕ್ತಿಯೆಂಬ ನೆಪವಂತೂ ಸಲ್ಲದು: ಬೆಳ್ಳಾವೆ ವೆಂಕಟನಾರಣಪ್ಪನವರು ‘ವಿಜ್ಞಾನ’ ಎಂಬ ಕನ್ನಡ ಪತ್ರಿಕೆಯನ್ನು ಹೊರಡಿಸಿದ್ದು 1918ರಷ್ಟು ಹಿಂದೆ.

ದೋಷದ ಬಹುಭಾಗ ವಿದ್ಯಾರ್ಥಿಗಳದಲ್ಲ, ಸ್ಪರ್ಧೆಯನ್ನು ಏರ್ಪಡಿಸುವವರದು. ಸಭೆಯನ್ನು ಸಾರ್ವಜನಿಕವೆಂದು ಕರೆದು, ಅಂಕವನ್ನು ಮಾತ್ರ ಪಂಡಿತರ ಕೈಯಲ್ಲಿಟ್ಟರೆ, ಹುಡುಗರು ಪಂಡಿತರಿಗಾಗಿಯೇ ಮಾತಾಡುವರು. ಕಾಫಿಯ ಯಂತ್ರ ಪ್ರದರ್ಶನಕ್ಕೆ ಬಂದಲ್ಲಿ, ತೀರ್ಪುಗಾರರ ಸಾಲಿನಲ್ಲಿ ಕಣದ ಕೆಲಸ ಬಲ್ಲ ಒಬ್ಬರನ್ನಾದರೂ ಕೂರಿಸಿ, ಅವರ ಪ್ರಶ್ನೆಗೆ ಕೊಟ್ಟ ಉತ್ತರಕ್ಕೂ ಅಂಕ ನಿಗದಿ ಮಾಡಬೇಕೆಂದು ಏರ್ಪಾಟುಗಾರರಲ್ಲಿ ವಿಜ್ಞಾಪಿಸಿಕೊಳ್ಳುತ್ತೇನೆ.