ಜಿಂಕೆಗೆ ಇನ್ನೂ ನೀರು ಸಿಕ್ಕಿಲ್ಲ



ನಮ್ಮಲ್ಲಿ ಅನೇಕರ ಮನೆಯ ಗೋಡೆಯ ಮೇಲೆ ಒಂದು ಚಿತ್ರ ತೂಗುತ್ತಿರುತ್ತದೆ. ದಟ್ಟವಾದ ಕಾಡು, ತಿಳಿನೀರಿನ ತೊರೆ, ತಲೆಬಾಗಿ ನೀರು ಕುಡಿಯುತ್ತಿರುವ ಜಿಂಕೆ; ಅದರ ಕೆಳಗೆ 42ನೆಯ ಕೀರ್ತನೆಯ ಮೊದಲ ವಚನ. ದಣಿದ ಕಣ್ಣಿಗೆ ತಂಪೆರೆಯುವ ಚಿತ್ರವೇ ಸರಿ. ಆದರೆ ಆ ಕೀರ್ತನೆಯನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಅಲ್ಲಿಯ ಜಿಂಕೆ ನೀರು ಕುಡಿಯುತ್ತಿಲ್ಲ. ನೀರಿಗಾಗಿ ಇನ್ನೂ ಹಂಬಲಿಸುತ್ತಿದೆ. ಚಿತ್ರಕಾರನು ತಣಿಸಿದ ದಾಹವನ್ನು ಕವಿ ತಣಿಸಿಲ್ಲ.

ಈ ವ್ಯತ್ಯಾಸ ಸಣ್ಣದಲ್ಲ. ಹಿಂದೊಮ್ಮೆ ಜನಸಮೂಹದೊಡನೆ ಹಾಡುತ್ತಾ ದೇವಾಲಯಕ್ಕೆ ನಡೆದಿದ್ದ ಕವಿ ಈಗ ಅಲ್ಲಿಂದ ಬಹುದೂರ, ಉತ್ತರದ ಹೆರ್ಮೋನ್ ಸೀಮೆಯಲ್ಲಿದ್ದಾನೆ. ಸುಮಾರು 2,814 ಮೀಟರ್ ಎತ್ತರದ ಆ ಪರ್ವತದ ಹಿಮ ಕರಗಿ, ಸುಣ್ಣಕಲ್ಲಿನ ಬಿರುಕುಗಳಲ್ಲಿ ಇಳಿದು, ಬುಡದಲ್ಲಿ ಬುಗ್ಗೆಗಳಾಗಿ ಉಕ್ಕುತ್ತದೆ. ಜೋರ್ಡನ್ ನದಿ ಹುಟ್ಟುವುದು ಅಲ್ಲಿಯೇ. ಅಂದರೆ, ಆ ನಾಡಿನಲ್ಲಿ ನೀರು ಹೇರಳವಾಗಿರುವ ಎಡೆಯಲ್ಲಿಯೇ ಈತ ಬಾಯಾರಿ ನಿಂತಿದ್ದಾನೆ!

ಕವಿ ನೀರನ್ನು ಬಳಸುವ ಬಗೆಯನ್ನು ಗಮನಿಸಿರಿ. ಮೊದಲು ಅದು ಸಿಗದ ನೀರು. ಬಳಿಕ ಹಗಲಿರುಳೂ ಆತನಿಗೆ ಆಹಾರವಾದ ಕಣ್ಣೀರು. ಆಮೇಲೆ ಭೋರ್ಗರೆಯುವ ಜಲಪಾತ. ಅದು ಆತನನ್ನು ಸಂತೈಸುವುದಿಲ್ಲ, ಅದರ ಅಲೆಗಳು ಆತನ ತಲೆಯ ಮೇಲೆಯೇ ಹಾದುಹೋಗುತ್ತವೆ. ಪ್ರಕೃತಿಯ ಮಡಿಲಲ್ಲಿ ಕುಳಿತೊಡನೆ ಮನಶ್ಶಾಂತಿ ದೊರೆಯುವುದೆಂಬ ನಮ್ಮ ಸುಲಭದ ಮಾತನ್ನು ಈ ಕೀರ್ತನೆ ಒಪ್ಪುವುದಿಲ್ಲ.

ಹಾಗಾದರೆ ಇಲ್ಲಿ ಚೈತನ್ಯ ಎಲ್ಲಿದೆ? ನನ್ನ ಓದಿನಲ್ಲಿ, ಅದು ಒಂದು ಸಣ್ಣ ಪದದಲ್ಲಿದೆ. ಕವಿ ಆ ಜಲಪಾತವನ್ನು, ಆ ಅಲೆಗಳನ್ನು 'ನಿನ್ನವು' ಎಂದು ದೇವರಿಗೇ ಹೇಳುತ್ತಾನೆ. ತನ್ನನ್ನು ಮುಳುಗಿಸುತ್ತಿರುವ ನೀರೂ ಪರರದಲ್ಲ ಎಂದು ಕಂಡುಕೊಳ್ಳುತ್ತಾನೆ. ಅಷ್ಟರ ಮೇಲೆ ದೇವರನ್ನು 'ನನ್ನ ಬಂಡೆ' ಎಂದು ಕರೆಯುತ್ತಾನೆ. ಅದೇ ಉಸಿರಿನಲ್ಲಿ, ನನ್ನನ್ನೇಕೆ ಮರೆತೆ ಎಂದೂ ಕೇಳುತ್ತಾನೆ. ದುಃಖ ಕರಗಲಿಲ್ಲ, ಆದರೆ ಅದನ್ನು ಯಾರ ಮುಂದೆ ಇಡಬೇಕೆಂಬುದು ಆತನಿಗೆ ತಿಳಿಯಿತು. ತನ್ನ ಆತ್ಮವೇ ಕುಗ್ಗಿರುವುದೇಕೆ ಎಂದು ಕೇಳಿಕೊಳ್ಳುವ ಪಲ್ಲವಿ ಇಲ್ಲಿ ಎರಡು ಸಲ, ಮುಂದಿನ 43ನೆಯ ಕೀರ್ತನೆಯಲ್ಲಿ ಮತ್ತೊಂದು ಸಲ ಬರುತ್ತದೆ. ಇವೆರಡೂ ಮೂಲದಲ್ಲಿ ಒಂದೇ ಹಾಡೆಂದು ವಿದ್ವಾಂಸರಲ್ಲಿ ಅನೇಕರು ಭಾವಿಸುವುದು ಇದರಿಂದಲೇ. ನಂಬಿಕೆಯುಳ್ಳವನೂ ಒಂದೇ ಮಾತನ್ನು ತನಗೆ ತಾನೇ ಮೂರು ಬಾರಿ ಹೇಳಿಕೊಳ್ಳಬೇಕಾಯಿತು.

ಸಾವಿನ ಮನೆಗೆ ಹೋದಾಗ ನಾವು ಎಷ್ಟು ಬೇಗ ಸಮಾಧಾನ ಹೇಳಿಬಿಡುತ್ತೇವೆ! ಎಲ್ಲಿಗಾದರೂ ಹೋಗಿ ಬನ್ನಿ, ಮನಸ್ಸು ಹಗುರಾಗುತ್ತದೆ ಎನ್ನುತ್ತೇವೆ. ಮಗನನ್ನು ಕಳೆದುಕೊಂಡ ತಾಯಿ ಮಳೆಗಾಲದ ಜೋಗದ ಮುಂದೆ ನಿಂತು, ಆ ಮೊರೆತದಲ್ಲಿ ತನ್ನ ಅಳುವನ್ನೇ ಕೇಳಿದರೆ, ಆಕೆಯ ವಿಶ್ವಾಸ ಕುಂದಿದೆಯೆಂದು ತಿಳಿಯಬಾರದು. ಆಕೆ ಆ ಗೋಡೆಯ ಚಿತ್ರಕ್ಕಿಂತ ಈ ಕೀರ್ತನೆಗೇ ಹೆಚ್ಚು ಹತ್ತಿರದಲ್ಲಿದ್ದಾಳೆ.

ಜ್ಞಾನಸ್ನಾನವಿರುವ ಪಾಸ್ಖ ಜಾಗರಣೆಯಲ್ಲಿ, ಏಳನೆಯ ವಾಚನದ ನಂತರ, ಈ ಎರಡು ಕೀರ್ತನೆಗಳ ವಚನಗಳನ್ನು ಧರ್ಮಸಭೆ ಒಟ್ಟಿಗೆ ಹಾಡುತ್ತದೆ. ನೀರು ಸುರಿಯುವ ಮುನ್ನ ದಾಹವನ್ನು ಹಾಡಲು ಅಲ್ಲಿ ಎಡೆಯಿದೆ. ಮನೆಯ ಚಿತ್ರವನ್ನು ತೆಗೆದುಹಾಕಬೇಕಾಗಿಲ್ಲ. ಇಂದಿನ ಸಂಜೆಯ ಪ್ರಾರ್ಥನೆಯಲ್ಲಿ ಅದರ ಕೆಳಗೆ ಕುಳಿತು, ಎರಡು ಕೀರ್ತನೆಗಳನ್ನೂ ಪೂರ್ಣವಾಗಿ, ಗಟ್ಟಿಯಾಗಿ ಓದಿರಿ. ಮನೆಯಲ್ಲಿ ಯಾರಾದರೂ ಕಣ್ಣೊರೆಸಿಕೊಂಡರೆ, ಓದನ್ನು ನಿಲ್ಲಿಸಬೇಡಿರಿ.