ಒಳಗೆ ಹೋದ ಮೇಲೆ ಕಮಲಾ ಏನು ಮಾಡಿದರು?

ವಿಜ್ಞಾನ ದಿನದಂದು ತುಮಕೂರಿನ ಕಾಲೇಜೊಂದರಲ್ಲಿ ಕಮಲಾ ಸೊಹೊನಿ ಅವರ ಬಗ್ಗೆ ಭಾಷಣವಿತ್ತು. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ, ಜನರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿಗೆ ಅರ್ಜಿ ಹಾಕಿದ ಕಮಲಾ, ಮದುವೆಗೆ ಮುಂಚಿನ ಹೆಸರಲ್ಲಿ ಕಮಲಾ ಭಾಗವತ್. ಹೆಣ್ಣೆಂಬ ಕಾರಣಕ್ಕೆ ಬೇಡವೆಂದ ನಿರ್ದೇಶಕ ಸಿ.ವಿ. ರಾಮನ್, ಪಟ್ಟು ಬಿಡದ ಹುಡುಗಿ, ಕೊನೆಗೆ ಒಂದು ವರ್ಷದ ಷರತ್ತಿನ ಪ್ರವೇಶ. ಚಪ್ಪಾಳೆ ಬಿತ್ತು. ಕುಣಿಗಲ್ ಕಡೆಯ ವಿದ್ಯಾರ್ಥಿನಿಯೊಬ್ಬಳು ಎದ್ದು, "ಸರ್, ಒಳಗೆ ಹೋದ ಮೇಲೆ ಅವರು ಏನು ಮಾಡಿದರು?" ಎಂದಳು. ವೇದಿಕೆಯ ಮೇಲೆ ಯಾರ ಬಳಿಯೂ ಉತ್ತರವಿರಲಿಲ್ಲ.

ಈ ಬದುಕನ್ನು ನಾವು ಹೇಳುವ ರೀತಿಯ ಬಗ್ಗೆ ನನ್ನ ತಕರಾರು ಇದೇ. ಆದ ಅನ್ಯಾಯವನ್ನು ಹೇಳಲೇಬೇಕು, ನಿಜ. ಅಷ್ಟನ್ನೇ ಹೇಳಿ ಕೂತರೆ ಕಮಲಾ ಅವರ ಕಥೆಯಲ್ಲೂ ರಾಮನ್ನರೇ ಮುಖ್ಯ ಪಾತ್ರವಾಗಿಬಿಡುತ್ತಾರೆ. 'ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದ ಮೊದಲ ಭಾರತೀಯ ಮಹಿಳೆ' ಎಂಬ ಬಿರುದೂ ನಿಲ್ಲುವುದಿಲ್ಲ. ಅವರಿಗೆ ಕೇಂಬ್ರಿಡ್ಜ್‌ನಿಂದ ಡಾಕ್ಟರೇಟ್ ಸಿಕ್ಕಿದ್ದು 1939ರಲ್ಲಿ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ 1931ರಲ್ಲೇ ಮಿಷಿಗನ್‌ನಿಂದ ಡಾಕ್ಟರೇಟ್ ಪಡೆದಿದ್ದರು.

ಬೆಂಗಳೂರಿನಲ್ಲಿ ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಕಮಲಾ ಅಳೆದದ್ದು ಬೇಳೆಕಾಳಿನ ಸಾರಜನಕವನ್ನು. ಕಾಳಿನ ಒಟ್ಟು ಸಾರಜನಕವನ್ನು 6.25ರಿಂದ ಗುಣಿಸಿ 'ಇಷ್ಟು ಪ್ರೋಟೀನ್' ಎಂದು ಬರೆಯುವುದು ರೂಢಿ. ಆದರೆ ಅದರಲ್ಲೊಂದು ಪಾಲು ಪ್ರೋಟೀನೇ ಅಲ್ಲ. ಆ ಪಾಲನ್ನು ಬೇರೆಯಾಗಿ ಹಿಡಿಯುವುದು ಅವರ ಕೆಲಸವಾಗಿತ್ತು. ಗುಬ್ಬಿಯ ನಮ್ಮಕ್ಕ ಬಸ್ಸಾರು ಮಾಡುವುದನ್ನು ನೋಡಬೇಕು. ಬೆಂದ ಹುರುಳಿಯ ಪಾತ್ರೆಗೆ ತಟ್ಟೆ ಒತ್ತಿ ಹಿಡಿದು, ಮುಖಕ್ಕೆ ಹಬೆ ಹೊಡೆಯದಂತೆ ಓರೆಯಾಗಿ ನಿಂತು, ಕಟ್ಟು ಬಸಿಯುತ್ತಾಳೆ. ಕಾಳು ಪಲ್ಯಕ್ಕೆ, ಕಟ್ಟು ಸಾರಿಗೆ. ಒಂದು ಹನಿ ಚೆಲ್ಲುವುದಿಲ್ಲ. ನೀರಲ್ಲಿ ಕರಗುವ ಸಾರಜನಕ, ಬಿ ವಿಟಮಿನ್, ಖನಿಜ ಎಲ್ಲ ಒಂದಿಷ್ಟು ಆ ಕಟ್ಟಿಗೆ ಇಳಿದಿರುತ್ತವೆ. ಮುದ್ದೆ ಉಣ್ಣುವ ಸೀಮೆಯ ಹುಡುಗಿಗೆ ಕಮಲಾ ಅವರನ್ನು ಇಲ್ಲಿಂದ ಪರಿಚಯಿಸಬಾರದೇ?

ಎರಡನೆಯ ಮಹಾಯುದ್ಧ ಶುರುವಾದ ಕಾಲಕ್ಕೆ ಕಮಲಾ ಕೇಂಬ್ರಿಡ್ಜ್‌ನಿಂದ ದೇಶಕ್ಕೆ ಮರಳಿದರು. ದೆಹಲಿಯ ಲೇಡಿ ಹಾರ್ಡಿಂಜ್ ಮಹಿಳಾ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗ ನಡೆಸಿ, ಆಮೇಲೆ ಕೂನೂರಿನ ಪೋಷಣಾ ಪ್ರಯೋಗಾಲಯ ಸೇರಿ ವಿಟಮಿನ್‌ಗಳ ಮೇಲೆ ಕೆಲಸ ಮಾಡಿದರು. ಆ ಪ್ರಯೋಗಾಲಯದ ನಿರ್ದೇಶಕ ಆಕ್ರಾಯ್ಡ್ ಭಾರತದ ಆಹಾರಗಳ ಪೋಷಕಾಂಶಗಳನ್ನು 1937ರಲ್ಲಿ ಪಟ್ಟಿ ಮಾಡಿದ್ದು ಅಲ್ಲೇ. 1943ರಲ್ಲಿ ಬಂಗಾಳ ಹಸಿವಿನಿಂದ ಸಾಯುತ್ತಿದ್ದ ಆ ದಶಕದಲ್ಲಿ, ಬಡವರ ತಟ್ಟೆಯನ್ನು ಅಳೆಯುವ ಇಂಥ ಕೆಲಸಕ್ಕಿಂತ ತುರ್ತಿನದು ಇನ್ನೇನಿತ್ತು? ನಮ್ಮ ಭಾಷಣಗಳಲ್ಲಿ ಈ ವರ್ಷಗಳಿಗೆ ಒಂದು ವಾಕ್ಯವೂ ಸಿಗುವುದಿಲ್ಲ.

1947ರಲ್ಲಿ ಮದುವೆಯಾಗಿ ಮುಂಬೈಗೆ ಹೋದರು. ಅಲ್ಲಿನ ವಿಜ್ಞಾನ ಸಂಸ್ಥೆಯಲ್ಲಿ ಪಾಠ ಹೇಳುತ್ತ, ವಿದ್ಯಾರ್ಥಿಗಳೊಂದಿಗೆ ನೀರಾದ, ಅಂದರೆ ತಾಳೆ, ಈಚಲು, ತೆಂಗಿನಂಥ ಮರಗಳಿಂದ ಇಳಿಸುವ ಸಿಹಿರಸದ, ಪೋಷಕಾಂಶಗಳನ್ನು ಪರೀಕ್ಷಿಸಿದರು. ಅದಕ್ಕೆ ರಾಷ್ಟ್ರಪತಿ ಪ್ರಶಸ್ತಿಯೂ ಬಂತು. ಅದೇ ಸಂಸ್ಥೆಯ ನಿರ್ದೇಶಕಿಯೂ ಆದರು, ತಡವಾಗಿ. ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲೂ ದುಡಿದರು. 1998ರಲ್ಲಿ ತೀರಿಕೊಂಡರು.

ನೀರಾ ಎಂದರೆ ಗುಬ್ಬಿಯ ತೆಂಗಿನ ತೋಟದವರಿಗೆ ಗೊತ್ತು. ಆದರೆ ಮುಂಬೈಯ ಫಲಿತಾಂಶವನ್ನು ತಂದು ನಮ್ಮ ತೆಂಗಿನ ನೀರಾಕ್ಕೆ ಹಾಗೇ ಅಂಟಿಸಿ 'ಪೌಷ್ಟಿಕ' ಎಂದು ಬರೆದರೆ ಕಮಲಾ ಒಪ್ಪುತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಮರ ಬೇರೆಯಾದರೆ ಮತ್ತೆ ಅಳೆಯಬೇಕು. ಮುಂದಿನ ವಿಜ್ಞಾನ ದಿನಕ್ಕೆ ಭಾಷಣ ಬೇಡ. ಗುಬ್ಬಿಯಿಂದ ಒಂದು ಕ್ಯಾನ್ ನೀರಾ ತರಿಸಿ, ಪ್ರಶ್ನೆ ಕೇಳಿದ ಆ ಹುಡುಗಿಯ ಕೈಗೆ ಕೊಡೋಣ. ಬೆಳಗ್ಗೆ ಇಳಿಸಿದ್ದನ್ನು ಐಸಿನಲ್ಲಿಟ್ಟೇ ತರಬೇಕು, ಬಿಸಿಲೇರಿದರೆ ಹುಳಿಯುತ್ತದೆ.