ಇಷ್ಟ್ ಹುಲ್ಲೈತೆ, ಕುರಿ ಎಲ್ಲಿ?

ನಮ್ಮ ಪ್ರವಾಸ ಬರಹಗಳಲ್ಲಿ ಯಾರೂ ಒಂದು ಕಡೆ ಕೂರುವುದೇ ಇಲ್ಲ. ಆನ್‌ಸೈಟ್ ಹೋಗಿಬಂದ ನಮ್ಮಂಥ ಸಾಫ್ಟ್‌ವೇರಿನವರು ಬರೆದದ್ದಂತೂ ಬರೀ ಓಟ. ಬೆಳಿಗ್ಗೆ ಲಿಬರ್ಟಿ ಪ್ರತಿಮೆ, ಸಂಜೆ ಟೈಮ್ಸ್ ಸ್ಕ್ವೇರ್, ನಡುವೆ ಸೆಂಟ್ರಲ್ ಪಾರ್ಕಿಗೆ ಒಂದು ಪ್ಯಾರಾ. ಅದರಲ್ಲಿ ಏನಿರುತ್ತೆ ಅಂತ ನಿಮಗೂ ಗೊತ್ತು: ಹಸಿರು, ಶುಚಿ, ಶಿಸ್ತು, ಕೊನೆಗೆ ‘ನಮ್ಮಲ್ಲಿ ಇದೆಲ್ಲ ಯಾವಾಗ?’ ಅನ್ನೋ ನಿಟ್ಟುಸಿರು. ನಾನೂ ಅಂಥದ್ದೊಂದು ಬರೆದಿದ್ದೆ. ‘ಕಾಂಕ್ರೀಟ್ ಕಾಡಿನ ನಡುವೆ ಉಳಿಸಿಕೊಂಡ ಪ್ರಕೃತಿ’ ಅಂತ ಅದರಲ್ಲೊಂದು ಸಾಲು. ಓದಿದವರು ಮೆಚ್ಚಿದ್ದೂ ಅದನ್ನೇ. ಆ ಸಾಲು ಸುಳ್ಳು.

ಎರಡನೇ ಸಲ ನ್ಯೂಯಾರ್ಕಿಗೆ ಹೋದಾಗ ಒಂದು ಶನಿವಾರ ಪೂರ್ತಿ ಆ ಪಾರ್ಕಲ್ಲೇ ಕಳೆದೆ. ಶೀಪ್ ಮೆಡೋ ಎಂಬ ಹುಲ್ಲುಗಾವಲಲ್ಲಿ ಬ್ಯಾಗನ್ನು ತಲೆದಿಂಬು ಮಾಡಿಕೊಂಡು ಬಿದ್ದುಕೊಂಡೆ. ಮೊದಲ ಒಂದು ಗಂಟೆ ಬಹಳ ಕಷ್ಟವಾಯ್ತು. ನಮ್ಮ ಕುಣಿಗಲ್ ಕಡೆ ಹಳ್ಳಿಗಳಲ್ಲಿ ಹಗಲು ಹೊತ್ತು ಸುಮ್ಮನೆ ಕೂತವನು ಒಂದೋ ಕಾಯಿಲೆಯವನು, ಇಲ್ಲಾ ಸೋಮಾರಿ. ಕೆರೆ ಏರಿ ಮೇಲೆ ಕೂತರೂ ಕೈಯಲ್ಲೊಂದು ದನದ ಹಗ್ಗ ಇರಬೇಕು. ಅಲ್ಲಿ ಮಧ್ಯಾಹ್ನ, ಊರಲ್ಲಿ ರಾತ್ರಿ ಊಟ ಮುಗಿದ ಹೊತ್ತು, ಅಪ್ಪ ಫೋನ್ ಮಾಡಿದರು. ವಿಡಿಯೋದಲ್ಲಿ ಸುತ್ತ ತೋರಿಸಿದೆ.

“ಯಾರಿಗ್ ಕಾಯ್ತಿದೀಯಪ್ಪ?”

“ಯಾರಿಗೂ ಇಲ್ಲ. ಸುಮ್ನೆ.”

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, “ಇಷ್ಟ್ ಹುಲ್ಲೈತೆ, ಕುರಿ ಎಲ್ಲಿ?” ಅಂದರು.

ನಕ್ಕುಬಿಟ್ಟೆ. ಫೋನಿಟ್ಟ ಮೇಲೆ ಹುಡುಕಿ ಓದಿದರೆ, 1934ರವರೆಗೂ ಅಲ್ಲಿ ನಿಜವಾಗಿ ಕುರಿ ಮೇಯುತ್ತಿದ್ದವಂತೆ! ಪೇಟೆಯವರ ಕಣ್ಣಿಗೆ ಹಳ್ಳಿ ಕಾಣಲಿ ಅಂತ ಸಾಕಿದ ಕುರಿ. ಕೊನೆಗೆ ಅವುಗಳನ್ನು ಬ್ರೂಕ್ಲಿನ್ನಿನ ಪ್ರಾಸ್ಪೆಕ್ಟ್ ಪಾರ್ಕಿಗೆ ಸಾಗಿಸಿ, ಕೊಟ್ಟಿಗೆಯನ್ನು ಹೋಟೆಲ್ ಮಾಡಿದರು. ಬರೀ ಕುರಿಯಲ್ಲ, ಪಾರ್ಕಿನ 843 ಎಕರೆಯೂ ಹೀಗೇ ಕಟ್ಟಿದ್ದು. 1858ರಲ್ಲಿ ಓಮ್‌ಸ್ಟೆಡ್ ಮತ್ತು ವಾಕ್ಸ್ ಎಂಬಿಬ್ಬರ ನಕ್ಷೆ ಆಯ್ಕೆಯಾಯಿತು. ಬಂಡೆ ಸಿಡಿಸಿದರು, ಮಣ್ಣು ತಂದು ಸುರಿದರು, ಕೆರೆ ತೋಡಿದರು. ನಮ್ಮ ಕುಣಿಗಲ್ ಕೆರೆ ಎಷ್ಟು ಪ್ರಕೃತಿಯೋ ಇದೂ ಅಷ್ಟೇ.

ಸಂಜೆ ಪಶ್ಚಿಮದ ಅಂಚಿನಲ್ಲಿ ನಡೆಯುತ್ತಾ 85ನೇ ಬೀದಿಯ ಹತ್ತಿರ ಒಂದು ಬೋರ್ಡು ಕಂಡಿತು: ಸೆನೆಕಾ ವಿಲೇಜ್. 1825ರಿಂದ ಕಪ್ಪು ಜನ ಜಮೀನು ಕೊಂಡು ಕಟ್ಟಿಕೊಂಡ ಊರು. ಆಮೇಲೆ ಐರಿಶ್ ಜನರೂ ಬಂದು ಸೇರಿದರು. ಸುಮಾರು 225 ಜನ, ಮೂರು ಚರ್ಚು, ಒಂದು ಶಾಲೆ. ಪಾರ್ಕಿಗಾಗಿ 1857ರಲ್ಲಿ ಎಲ್ಲ ಖಾಲಿ. ಅವತ್ತಿನ ಪತ್ರಿಕೆಗಳು ಅವರ ಮನೆಗಳನ್ನು ಗುಡಿಸಲು ಅಂತ ಕರೆದಿದ್ದವು. ಜಮೀನಿದ್ದವರಿಗೆ ಪರಿಹಾರ ಸಿಕ್ಕಿತು, ಸಾಲದು ಅಂತ ಹಲವರು ತಕರಾರು ಎತ್ತಿದ್ದೂ ಉಂಟು. ಮೊದಲ ಸಲ ಬಂದಾಗ ಅದೇ ಜಾಗದ ಮೇಲೆ ನಿಂತು ಸೆಲ್ಫಿ ತಗೊಂಡಿದ್ದೆ.

ಗೊರೂರು ರಾಮಸ್ವಾಮಿ ಅಯ್ಯಂಗಾರರ ‘ಅಮೆರಿಕದಲ್ಲಿ ಗೊರೂರು’ ಪುಸ್ತಕಕ್ಕೆ 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಆ ಹೆಸರೇ ಒಂದು ಪಾಠದ ಹಾಗೆ ಕಾಣುತ್ತೆ. ಅಮೆರಿಕಕ್ಕೆ ಹೋದದ್ದು ಮನುಷ್ಯನೋ ಊರೋ, ಎರಡೂ ಅರ್ಥ ಹೊರಡುತ್ತೆ. ನಾವು ವಿಮಾನ ಹತ್ತುವಾಗ ಊರನ್ನು ಮನೆಯಲ್ಲೇ ಬಿಟ್ಟು ಹೊರಡುತ್ತೇವೆ. ಅದಕ್ಕೇ ಕುರಿ ಎಲ್ಲಿ ಅಂತ ಕೇಳೋಕೆ ಅಪ್ಪನೇ ಫೋನ್ ಮಾಡಬೇಕಾಯ್ತು.

ಆ ಗೊರೂರಲ್ಲೇ 1979ರಲ್ಲಿ ಹೇಮಾವತಿಗೆ ಅಣೆಕಟ್ಟು ಆಯಿತು. ಅದರ ನಾಲೆ ನೀರಿಗೇ ನಮ್ಮ ಕುಣಿಗಲ್‌ನವರು ಕಾಯೋದು, ಕೊನೆಯ ತಾಲ್ಲೂಕಿಗೆ ಬರಲೇ ಇಲ್ಲ ಅಂತ ರಸ್ತೆಗಿಳಿಯೋದು. ಅಣೆಕಟ್ಟಿನ ಹಿನ್ನೀರಲ್ಲಿ ಮಳೆಗಾಲ ಬಂದರೆ ಮುಳುಗುವ ಶೆಟ್ಟಿಹಳ್ಳಿ ಚರ್ಚಿಗೆ ಇಂಜಿನಿಯರಿಂಗ್ ಓದುವಾಗ ಗೆಳೆಯರ ಜೊತೆ ಬೈಕಲ್ಲಿ ಹೋಗಿದ್ದೆ. ಅದರ ಬಗ್ಗೆಯೂ ಬರೆದಿದ್ದೇನೆ. ಮೊನ್ನೆ ತೆಗೆದು ನೋಡಿದೆ. ಯಾವ ತಿಂಗಳಲ್ಲಿ ಹೋದರೆ ಫೋಟೊ ಚೆನ್ನಾಗಿ ಬರುತ್ತೆ, ದಾರಿಯಲ್ಲಿ ದೋಸೆ ಎಲ್ಲಿ ಸಿಗುತ್ತೆ, ಎಲ್ಲ ಇದೆ. ಆ ಚರ್ಚಿಗೆ ಬರುತ್ತಿದ್ದವರು ಎಲ್ಲಿಗೆ ಹೋದರು ಅನ್ನೋ ಒಂದು ಸಾಲೂ ಇಲ್ಲ.